ಬಂದೂಕು ಒಂದೇ, ಕಾಗದ ಬೇರೆ

ಪುಣೆ, ಮುಂಬೈ ಕಡೆಯ ಕನ್ನಡ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಗಳು ಎನ್‌ಸಿಸಿ ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ (.22) ರೈಫಲ್ ಹೊಡೆದು ಬಂದಿದ್ದಾಳೆ, ಗುರಿ ಚೆನ್ನಾಗಿದೆಯಂತೆ. ಇನ್ನು ರೈಫಲ್ ಕ್ಲಬ್ಬಿಗೆ ಸೇರಿಸಿದರೆ ಆಯಿತಲ್ಲ ಸರ್?" ಸೇರಿಸಬಹುದು. ಶೂಟರ್ ಅಂಜಲಿ ಭಾಗವತ್ ಮುಂಬೈಯ ಕೀರ್ತಿ ಕಾಲೇಜಿನ ಎನ್‌ಸಿಸಿಯಿಂದ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿಗೆ ಹೋದದ್ದು ಇದೇ ದಾರಿಯಲ್ಲಿ. ಆದರೆ ಕ್ಯಾಂಪಿನ .22 ಮತ್ತು ಕ್ಲಬ್ಬಿನ .22 ಕೈಗೆ ಒಂದೇ ಅನಿಸಿದರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. ಕಾಲೇಜಿನ ಎಎನ್‌ಒ (ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕ) ಆಗಿ ಕೆಡೆಟ್‌ಗಳನ್ನು ರೇಂಜಿಗೆ ಕರೆದೊಯ್ದಿದ್ದೇನೆ, ಆಮೇಲೆ ಒಂದು ಸಣ್ಣ ಕ್ಲಬ್ಬಿನ ದಾಸ್ತಾನು, ರಿಜಿಸ್ಟರ್ ನೋಡಿಕೊಂಡಿದ್ದೇನೆ. ಎರಡೂ ಕಡೆ ಜನ ಎಡವುವುದು ಈ ಒಂದೇ ಹೊಸ್ತಿಲಲ್ಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3 ಪ್ರಕಾರ ಬಂದೂಕಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಅದೇ ಕಾಯ್ದೆಯ ಸೆಕ್ಷನ್ 45 ಕೆಲವರನ್ನು ಈ ನಿಯಮದಿಂದ ಹೊರಗಿಡುತ್ತದೆ. 1948ರ ಎನ್‌ಸಿಸಿ ಕಾಯ್ದೆಯಡಿಯ ಸದಸ್ಯರು ಆ ಪಟ್ಟಿಯಲ್ಲಿದ್ದಾರೆ, ಆದರೆ 'ಕರ್ತವ್ಯದ ಮೇಲಿರುವಾಗ' ಎಂಬ ಷರತ್ತಿನೊಂದಿಗೆ. ಎಲ್ಲ ನಿಂತಿರುವುದು ಆ ಎರಡು ಪದಗಳ ಮೇಲೆ. ಬೆಟಾಲಿಯನ್ನಿನ ಕೋತ್‌ನಿಂದ (ಶಸ್ತ್ರಾಗಾರದಿಂದ) ರೈಫಲ್ ಹೊರಬಿದ್ದು ಮತ್ತೆ ಕೋತ್ ಸೇರುವವರೆಗೆ ಕೆಡೆಟ್‌ಗೆ ಆ ರಕ್ಷಣೆ ಇದೆ. ಸಂಜೆ ಬಸ್ ಹತ್ತಿದ ಮೇಲೆ ಅವನು ಎಲ್ಲರಂತೆ ಒಬ್ಬ ನಾಗರಿಕ. ಎನ್‌ಸಿಸಿಯ 'ಸಿ' ಸರ್ಟಿಫಿಕೇಟ್ ಕೈಯಲ್ಲಿದ್ದರೂ ಅದು ಲೈಸೆನ್ಸ್ ಅಲ್ಲ.

ಇದು ಪುಸ್ತಕದ ಮಾತು ಅನಿಸಿದರೆ ಇನ್ನೂ ಹಾರಿಸದ ಒಂದು ಜೀವಂತ ರೌಂಡಿನ ಗತಿ ಯೋಚಿಸಿ. ಮಲಗಿ ಹೊಡೆಯುವಾಗ ಒಂದು ಗುಂಡು ಜಾರಿ ಪ್ಯಾಂಟಿನ ಜೇಬು ಸೇರುತ್ತದೆ, ಅಥವಾ ನೆನಪಿಗಿರಲಿ ಎಂದು ಹುಡುಗ ತಾನೇ ಸೇರಿಸುತ್ತಾನೆ. ಮುಂದಿನ ತಿಂಗಳು ಅದೇ ಬ್ಯಾಗ್ ಹಿಡಿದು ಲೋಹೆಗಾಂವ್ ವಿಮಾನ ನಿಲ್ದಾಣಕ್ಕೆ ಹೋದರೆ ಎಕ್ಸ್‌ರೇಯಲ್ಲಿ ಕಾಣುವುದು ನೆನಪಲ್ಲ, ಮದ್ದುಗುಂಡು. ಸೆಕ್ಷನ್ 25ರ ಕೇಸು ಬಿದ್ದರೆ 'ಗೊತ್ತಿರಲಿಲ್ಲ' ಎಂದು ಸಾಬೀತು ಮಾಡುತ್ತ ಕೋರ್ಟು ಅಲೆಯಬೇಕು. ಅದಕ್ಕೇ ಫೈರಿಂಗ್ ಮುಗಿದ ಪ್ರತಿ ಕೆಡೆಟ್ ಕೈ ಚಾಚಿ, ಜೇಬು ಮುಟ್ಟಿ ತೋರಿಸಿ, ತನ್ನ ಬಳಿ ಖಾಲಿ ಖೋಖಾ (ಸಿಡಿದ ಗುಂಡಿನ ಚಿಪ್ಪು) ಇಲ್ಲ, ಜಿಂದಾ ರೌಂಡ್ ಇಲ್ಲ ಎಂದು ಗಟ್ಟಿಯಾಗಿ ಹೇಳಬೇಕು. ಮಕ್ಕಳು ಇದನ್ನು ಪ್ರಾರ್ಥನೆಯಂತೆ ಗೊಣಗುತ್ತಾರೆ. ಗೊಣಗಿದರೆ ಮತ್ತೆ ಹೇಳಿಸುತ್ತೇನೆ.

ರೇಂಜಿನ ದಿನದ ಲೆಕ್ಕ ಹೀಗಿಡುತ್ತೇವೆ. 60 ಕೆಡೆಟ್‌ಗಳು, 10 ಲೇನ್, ಅಂದರೆ 6 ಡಿಟೇಲ್ (ಒಟ್ಟಿಗೆ ಹೊಡೆಯುವ ತಂಡ). ತಲೆಗೆ 5 ರೌಂಡ್ ಗ್ರೂಪಿಂಗ್, ಅಂದರೆ ಗುಂಡುಗಳನ್ನು ಒಂದೆಡೆ ಕೂರಿಸುವ ಅಭ್ಯಾಸ. ಒಟ್ಟು 300 ರೌಂಡ್, 50ರ 6 ಪೆಟ್ಟಿಗೆ. ಪೆಟ್ಟಿಗೆಯನ್ನು ಫೈರಿಂಗ್ ಪಾಯಿಂಟಿಗೆ ತರುವುದಿಲ್ಲ. ಹಿಂದೆ ಅಮ್ಯೂನಿಷನ್ ಪಾರ್ಟಿ ಕೂತು 5-5 ಎಣಿಸಿ ಕೊಡುತ್ತದೆ, ಪಡೆದವನ ಸಹಿ ಅಲ್ಲೇ ಬೀಳುತ್ತದೆ. ಡಿಟೇಲ್ ಮುಗಿದಾಗ 50 ಖೋಖಾ ತಿರುಗಿ ಬರಬೇಕು. ಬೋಲ್ಟ್ (ಗುಂಡು ತುಂಬಲು, ತೆಗೆಯಲು ಎಳೆಯುವ ಭಾಗ) ಎಳೆದಾಗ ಖೋಖಾ ಬಲಕ್ಕೆ ಹಾರಿ ಹುಲ್ಲಿನಲ್ಲಿ ಮಾಯವಾಗುತ್ತದೆ. ಪ್ರತಿ ಲೇನಿನ ಬಲಕ್ಕೆ ಹಳೆಯ ದರಿ ಹಾಸಿದರೆ ಅರ್ಧ ಗಂಟೆಯ ಹುಡುಕಾಟ ತಪ್ಪುತ್ತದೆ. ದಿನದ ಕೊನೆಗೆ 297 ಖೋಖಾ, 3 ಮಿಸ್‌ಫೈರ್ (ಸಿಡಿಯದ ಗುಂಡು) ಬಂದರೆ ಲೆಕ್ಕ ಸರಿ. 298 ಖೋಖಾ, 1 ಮಿಸ್‌ಫೈರ್ ಬಂದರೆ ಯಾರೂ ಮನೆಗೆ ಹೋಗುವಂತಿಲ್ಲ. ಈ ಎಣಿಕೆಯನ್ನು ಪ್ರತಿ ಡಿಟೇಲ್ ಆದ ಮೇಲೆ ಮಾಡಬೇಕು. ಕೊನೆಗೆ ಒಟ್ಟಿಗೆ ಮಾಡಿದರೆ ಕಳೆದದ್ದು 60 ಜನರಲ್ಲಿ ಯಾರ ಬಳಿ ಎಂದು ಹುಡುಕುವುದು? ಹತ್ತು ಜನರಲ್ಲಿ ಹುಡುಕುವುದು ಸುಲಭ.

ಆಜ್ಞೆಗಳೆಲ್ಲ ಹಿಂದಿಯಲ್ಲಿ: ಭರ್, ಫಾಯರ್, ರುಕ್ ಜಾ, ಖಾಲಿ ಕರ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ ಆಡುವ ಮಕ್ಕಳಿಗೂ ಇದು ತೊಡಕಾಗುವುದಿಲ್ಲ. 'ರುಕ್ ಜಾ' (ನಿಲ್ಲಿಸು) ಮಾತ್ರ ಯಾರು ಬೇಕಾದರೂ ಕೂಗಬಹುದು, ಕೇಳಿದವರೆಲ್ಲ ಬೆರಳು ತೆಗೆಯಬೇಕು ಎಂದು ಮೊದಲ ದಿನವೇ ಹೇಳಿರಬೇಕು. .22ರಲ್ಲಿ ಕೆಡೆಟ್ ಹೊಡೆಯುವುದು 25 ಗಜ. ಮೂತಿ ಸ್ವಲ್ಪ ಮೇಲೆದ್ದರೆ ಅದೇ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ದಿಬ್ಬದ ಹಿಂದೆ ಕಾವಲು, ಕೆಂಪು ಬಾವುಟ ಇರುವುದು ಆ ಒಂದೂವರೆ ಕಿಲೋಮೀಟರಿಗಾಗಿ. ಪುಣೆಯ ಸುತ್ತ ದಿಬ್ಬದಾಚೆ ದನ ಮೇಯಿಸುವವರು, ಬೆಳಗಿನ ವಾಕಿಂಗಿನವರು ಇಲ್ಲದ ಜಾಗ ಈಗ ಸಿಗುವುದೇ ಕಷ್ಟ.

ಕೆಡುವುದು ಎಲ್ಲಿ? .22 ಗುಂಡಿನಲ್ಲಿ ಸಿಡಿಯುವ ಮಸಾಲೆ ನಡುವೆ ಇರುವುದಿಲ್ಲ, ತಳದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಅದು ತೆಳುವಾಗಿರುವ ಜಾಗಕ್ಕೆ ಪಿನ್ ಬಡಿದರೆ ಮಿಸ್‌ಫೈರ್. ಆಗ ಬೋಲ್ಟ್ ಎಳೆಯಬಾರದು. ಮೂತಿ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಎಣಿಸಿ ಆಮೇಲೆ ತೆಗೆಯಬೇಕು, ಏಕೆಂದರೆ ತಡವಾಗಿ ಸಿಡಿಯುವುದೂ ಉಂಟು. ತೆಗೆದ ಗುಂಡನ್ನು ಬೇರೆ ಡಬ್ಬಿಯಲ್ಲಿ ಹಾಕಿ ಬರೆದಿಡಬೇಕು. ಇದಕ್ಕಿಂತ ಕೆಟ್ಟದ್ದು, ಟಪ್ ಎನ್ನುವ ಬದಲು ಪುಸ್ ಎನ್ನುವ ಹೊಡೆತ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಬೇರೆಯಾಗಿ ಕೇಳಿದೊಡನೆ ಲೇನ್ ನಿಲ್ಲಿಸಿ, ಬೋಲ್ಟ್ ಹೊರತೆಗೆದು, ಹಿಂದಿನಿಂದ ರಾಡ್ ಹಾಯಿಸಿ ನೋಡಬೇಕು. ಪಕ್ಕದ ಲೇನಿನ ಸದ್ದಿನಲ್ಲಿ ಹೊಡೆದವನಿಗೇ ಇದು ಗೊತ್ತಾಗದೆ ಹೋಗಬಹುದು, ಹಿಂದೆ ನಿಂತವರ ಕಿವಿ ಚುರುಕಾಗಿರಬೇಕು.

ಮೊದಲ ಗುಂಡು ದೂರ ಬಿದ್ದು ಉಳಿದ ನಾಲ್ಕು ಒಂದೆಡೆ ಕೂತರೆ ಹುಡುಗಿಯನ್ನು ಬಯ್ಯಬೇಡಿ. ನಳಿಗೆಯಲ್ಲಿ ಎಣ್ಣೆ ಉಳಿದಿದೆ ಎಂದರ್ಥ. ಫೈರಿಂಗಿಗೆ ಮೊದಲು ಒಣ ಚಿಂದಿ ಹಾಯಿಸಬೇಕಿತ್ತು. ದೊಡ್ಡ ರೈಫಲಿನ ನಾಲ್ಕು-ಎರಡು ಇಂಚಿನ ಚಿಂದಿಯನ್ನು .22ಗೆ ತುರುಕಿದರೆ ರಾಡ್ ಸಮೇತ ಸಿಕ್ಕಿಕೊಳ್ಳುತ್ತದೆ, ಒಂದು ಇಂಚಿನ ಚೌಕ ಸಾಕು. ಐದೂ ಗುಂಡು ಮೇಲೆ-ಕೆಳಗೆ ಸಾಲಾಗಿದ್ದರೆ ಉಸಿರು ಹಿಡಿದಿಲ್ಲ. ಇನ್ನೊಂದು: ಖಾಲಿ .22 ರೈಫಲಿನಲ್ಲಿ ಟ್ರಿಗರ್ ಅಭ್ಯಾಸ ಮಾಡಿಸುವ ಚಾಳಿ. ಒಳಗೆ ಗುಂಡಿಲ್ಲದಿದ್ದರೆ ಪಿನ್ ಚೇಂಬರಿನ ಅಂಚಿಗೇ ಬಡಿಯುತ್ತದೆ, ಅಲ್ಲಿ ಮುಳ್ಳೆದ್ದು ಖೋಖಾ ಹೊರಬರಲು ಹಟ ಹಿಡಿಯುತ್ತದೆ. ಅಭ್ಯಾಸಕ್ಕೆ ಬಳಸಿದ ಖೋಖಾ ಒಂದನ್ನು ಒಳಗಿಟ್ಟು, ಪ್ರತಿ ಸಲ ಸ್ವಲ್ಪ ತಿರುಗಿಸುತ್ತ ಹೋಗಬೇಕು. ಆ ಖೋಖಾಗಳನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಕ್ಲಬ್ಬು. ಮೊದಲು ವಯಸ್ಸು. ಎನ್‌ಸಿಸಿ ಜೂನಿಯರ್ ವಿಭಾಗ ಶಾಲೆಯ ಮಕ್ಕಳಿಗೇ ತೆರೆಯುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 9 ಮಾತ್ರ 21 ತುಂಬದವರು ಬಂದೂಕು ಹೊಂದುವಂತಿಲ್ಲ ಎನ್ನುತ್ತದೆ, ತರಬೇತಿಗೆ ಮಾತ್ರ ಬಾಗಿಲು ಬಿಡುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 12 ದಾಟಿದವರು ವಯಸ್ಕ ಬೋಧಕನ ಕಣ್ಣೆದುರಿನಲ್ಲಿ, ಅವನ ಉಸ್ತುವಾರಿಯಲ್ಲಿ ಹೊಡೆಯಬಹುದು. 'ಕಣ್ಣೆದುರಿನಲ್ಲಿ' ಎಂದರೆ ಲೇನಿನ ಹಿಂದೆ. ಬೋಧಕ ಚಹಾಕ್ಕೆ ಹೋದಾಗ ಬೋಲ್ಟ್‌ಗಳು ಅವನ ಜೊತೆ ಹೋಗಬೇಕು. ಕ್ಯಾಂಪಿನಲ್ಲಿ ಇನ್ಸಾಸ್ ಅಥವಾ 7.62 ಎಸ್‌ಎಲ್‌ಆರ್‌ನಂಥ ಸೇನೆಯ ರೈಫಲ್ ಹಿಡಿದ ಹುಡುಗರು ಕ್ಲಬ್ಬಿನಲ್ಲೂ ಅದನ್ನೇ ಕೇಳುತ್ತಾರೆ. ಅವು ನಿಷೇಧಿತ ವರ್ಗ, ಕ್ಲಬ್ಬಿನಲ್ಲಿ ಸಿಗುವುದು .22 ಮತ್ತು ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್.

ನನ್ನ ಸಲಹೆ ಏರ್‌ನಿಂದಲೇ ಶುರು ಮಾಡಿ. 4.5 ಮಿ.ಮೀ. ಮೀರದ, ಮೂತಿಯ ಶಕ್ತಿ 20 ಜೂಲ್ ದಾಟದ ಏರ್ ರೈಫಲಿಗೆ ಲೈಸೆನ್ಸ್ ಬೇಡ, ಕೊಳ್ಳುವಾಗ ಗುರುತು-ವಿಳಾಸದ ದಾಖಲೆ ಕೊಟ್ಟರಾಯಿತು. ಸ್ಪರ್ಧೆಯ 10 ಮೀಟರ್ ರೈಫಲ್‌ಗಳೆಲ್ಲ ಈ ಮಿತಿಯ ಒಳಗೇ ಇವೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಶೂಟರ್ ಸುಮಾ ಶಿರೂರ್ 2004ರಲ್ಲಿ 400ಕ್ಕೆ 400 ಹೊಡೆದದ್ದೂ ಏರ್ ರೈಫಲಿನಲ್ಲೇ. ಜಾಗವೂ ಕಡಿಮೆ ಸಾಕು: 14-15 ಮೀಟರ್ ಉದ್ದದ ಹಾಲ್, ಲೇನಿಗೆ 1 ಮೀಟರ್ ಅಗಲ, ಟಾರ್ಗೆಟಿನ ನಡುಬಿಂದು ನೆಲದಿಂದ 1.4 ಮೀಟರ್, ಅದರ ಮೇಲೆ 1500 ಲಕ್ಸ್ ಬೆಳಕು. ಬದಿಯಿಂದ ಒಳಬರುವ ಬಾಗಿಲಿದ್ದರೆ ಅದಕ್ಕೆ ಒಳಗಿನಿಂದ ಚಿಲಕ. ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ಸೀಸದ್ದು, ಆದ್ದರಿಂದ ಹಾಲಿನಲ್ಲಿ ತಿಂಡಿ ಇಲ್ಲ, ಕೈ ತೊಳೆಯದೆ ಮನೆಗಿಲ್ಲ. ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ರೈಫಲಿನ ಗಾಳಿ ಸಿಲಿಂಡರಿನ ಮೇಲೆ ಕೆತ್ತಿದ ದಿನಾಂಕ ನೋಡಿ. ಹಳೆಯ ರೈಫಲನ್ನು ಅಗ್ಗವಾಗಿ ಕೊಂಡವರು 10 ವರ್ಷ ದಾಟಿದ ಸಿಲಿಂಡರನ್ನೂ ಜೊತೆಗೇ ಕೊಂಡಿರುತ್ತಾರೆ, ಸ್ಪರ್ಧೆಯ ತಪಾಸಣೆಯಲ್ಲಿ ಅದು ಪಾಸಾಗುವುದಿಲ್ಲ.

ಕ್ಲಬ್ಬನ್ನು ಹೊಸದಾಗಿ ಕಟ್ಟುವ ಕನ್ನಡಿಗರು ಕರ್ನಾಟಕದ ಲೆಕ್ಕದಲ್ಲಿ ಒಂದೇ ನೋಂದಣಿ ಎಂದುಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ನೋಂದಣಿ ಆಗಬೇಕು, ಧರ್ಮಾದಾಯ ಆಯುಕ್ತರ ಕಚೇರಿಯ ದಾರಿ ಕಲಿತಿರಬೇಕು. ಅದಾದ ಮೇಲೆ ಜಿಲ್ಲಾ, ರಾಜ್ಯ ಸಂಘದ ಮೂಲಕ ರಾಷ್ಟ್ರೀಯ ರೈಫಲ್ ಸಂಘಕ್ಕೆ ಜೋಡಣೆ. ಅದು 1951ರಲ್ಲಿ ಹುಟ್ಟಿದ ಸಂಘ, ಲೋಕಸಭೆಯ ಸ್ಪೀಕರ್ ಮಾವಳಂಕರ್ ಮೊದಲ ಅಧ್ಯಕ್ಷರು. ಅವರ ಹೆಸರಿನ ಸ್ಪರ್ಧೆಯನ್ನು ಇಂದಿನ ಮಕ್ಕಳು 'ಮಾವಳಂಕರ್' ಎಂದಷ್ಟೇ ಕರೆಯುತ್ತಾರೆ. .22 ಇಡುವ ಲೈಸೆನ್ಸ್ ಬೇರೆಯೇ ಅರ್ಜಿ, ಮುಂಬೈ-ಪುಣೆಯಂತೆ ಪೊಲೀಸ್ ಆಯುಕ್ತರಿರುವ ನಗರಗಳಲ್ಲಿ ಅವರಿಗೆ, ಹೊರಗೆ ಜಿಲ್ಲಾಧಿಕಾರಿಗೆ.

ಸೆಕ್ಷನ್ 3ರಲ್ಲಿ ಎಲ್ಲರೂ ತಪ್ಪಾಗಿ ಓದುವ ಒಂದು ಸಾಲಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮಾನ್ಯ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ಮತ್ತು ಏರ್ ರೈಫಲಿಗೆ ಈ ಮಿತಿ ಇಲ್ಲ. ಸಡಿಲವಾದದ್ದು ಸಂಖ್ಯೆಯ ಮಿತಿ ಮಾತ್ರ. .22ಗೆ ಲೈಸೆನ್ಸ್ ಬೇಕೇ ಬೇಕು. 'ಮೆಂಬರ್‌ಶಿಪ್ ಕಾರ್ಡ್ ಇದ್ದರೆ ಸಾಕು' ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತು ನಂಬಬೇಡಿ. ಸೆಕ್ಷನ್ 13 ಮಾತ್ರ ಸದಸ್ಯರ ಪರವಾಗಿದೆ: ಮಾನ್ಯ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆಂದು .22 ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಲ್ಲಿ, ಕೊಡಬೇಕಾದ್ದೇ. ಅರ್ಜಿಯಲ್ಲಿ ಉದ್ದೇಶದ ಜಾಗದಲ್ಲಿ 'ಆತ್ಮರಕ್ಷಣೆ' ಎಂದು ಬರೆದು ಆ ಅನುಕೂಲವನ್ನು ಕಳೆದುಕೊಂಡವರು ಬಹಳ.

'ಶಸ್ತ್ರ ಪರವಾನಾ'ದ (ಬಂದೂಕು ಲೈಸೆನ್ಸಿನ) ಅರ್ಜಿಗೆ ಸುರಕ್ಷಾ ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಎಲ್ಲಿ ಭದ್ರವಾಗಿ ಇಡುತ್ತೀರಿ ಎಂಬ ಮುಚ್ಚಳಿಕೆ ಬೇಕು. ಠಾಣೆಯಿಂದ ವಿಚಾರಣೆಗೆ ಬಂದವರು ಉಕ್ಕಿನ ಕಪಾಟನ್ನು ನೋಡುತ್ತಾರೆ, ಕೊಂಡಿಟ್ಟೇ ಅರ್ಜಿ ಹಾಕಿ. ವಯಸ್ಸಿಗೆ ಧಾರವಾಡದಲ್ಲೋ ವಿಜಯಪುರದಲ್ಲೋ ಓದಿದ ಶಾಲೆಯ ಕನ್ನಡ ದಾಖಲೆ ಕೊಡುವವರು ದೃಢೀಕರಿಸಿದ ಇಂಗ್ಲಿಷ್ ಅಥವಾ ಮರಾಠಿ ಅನುವಾದ ಲಗತ್ತಿಸಿದರೆ ಒಂದು ಸುತ್ತು ಉಳಿಯುತ್ತದೆ. ಲೈಸೆನ್ಸ್ ಅವಧಿ ಈಗ 5 ವರ್ಷ, ನವೀಕರಣಕ್ಕೆ ಎರಡು ತಿಂಗಳ ಮುಂಚೆಯೇ ಹೋಗಿ. ಬೆಳಗಾವಿಯಿಂದ ಪುಣೆಗೆ ಮನೆ ಬದಲಿಸಿದರೆ 30 ದಿನದೊಳಗೆ ಹೊಸ ಊರಿನ ಅಧಿಕಾರಿಗೆ ತಿಳಿಸಬೇಕು. ರೈಫಲನ್ನು ರಿಪೇರಿಗೆ ಅಳಿಯನ ಕೈಲಿ ಕಳಿಸುವುದಾದರೆ ನಿಮ್ಮ ಸಹಿಯ ಅಧಿಕಾರಪತ್ರ ಅವನ ಜೇಬಿನಲ್ಲಿರಲಿ, ಕಾನೂನು ಅಷ್ಟಕ್ಕೆ ಒಪ್ಪುತ್ತದೆ. ಬೋಲ್ಟ್ ಬೇರೆ ಚೀಲದಲ್ಲಿ, ಗುಂಡು ಮನೆಯಲ್ಲೇ.

ಗೋವಾದವರಿಗೆ ಶಸ್ತ್ರಾಸ್ತ್ರ ಕಾಯ್ದೆ ಇದೇ, ಎನ್‌ಸಿಸಿ ಮಾತ್ರ ಕರ್ನಾಟಕ ಮತ್ತು ಗೋವಾ ಡೈರೆಕ್ಟರೇಟಿನದು. ವಾಸ್ಕೋದ ಕನ್ನಡ ಹುಡುಗಿ ಬೆಂಗಳೂರಿನ ತಂಡದಲ್ಲಿ ಆಡುತ್ತಾಳೆ, ಡೊಂಬಿವಲಿಯ ಹುಡುಗಿ ಮಹಾರಾಷ್ಟ್ರದ ತಂಡದಲ್ಲಿ.

ಮಳೆಗಾಲ ನಮಗೆ ಮಹಾರಾಷ್ಟ್ರ, ಗೋವಾ, ಕರ್ನಾಟಕ ಮೂರೂ ಕಡೆಯ ಸಮಾನ ಶತ್ರು. ಜೂನ್ ಬಂತೆಂದರೆ ಟಾರ್ಗೆಟ್ ಕಾರ್ಡು ತೇವ ಹೀರಿ ಮೆತ್ತಗಾಗುತ್ತದೆ. ಪೆಲೆಟ್ ದುಂಡಗೆ ಕತ್ತರಿಸುವ ಬದಲು ಕಾರ್ಡನ್ನು ಹರಿದುಹಾಕುತ್ತದೆ, ಅಂಚು ರೇಷ್ಮೆಯಂತೆ ಎದ್ದು ಅಂಕ ಅಳೆಯುವ ಗೇಜ್ ಕೂರುವುದಿಲ್ಲ. ಏರ್ ರೈಫಲಿನ 10ರ ಬಿಂದು ಅರ್ಧ ಮಿಲಿಮೀಟರ್ ಮಾತ್ರ, ಹರಿದ ಅಂಚು ಒಂದು ಅಂಕ ತಿಂದುಹಾಕುತ್ತದೆ. ಕಾರ್ಡಿನ ಕಟ್ಟನ್ನು ಅಕ್ಕಿ ಡಬ್ಬಿಯಂತೆ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇವೆ. ರೈಫಲನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡುವುದಿಲ್ಲ, ಸ್ಪಂಜು ತೇವ ಹಿಡಿದು ನಳಿಗೆಗೆ ಅಂಟಿದಲ್ಲೆಲ್ಲ ತುಕ್ಕು ಕೂರುತ್ತದೆ. ಕಪಾಟಿನಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಎಣ್ಣೆ ಬಟ್ಟೆ, ಮುಂದಿನ ಅಭ್ಯಾಸಕ್ಕೆ ಮೊದಲು ಮತ್ತೆ ಒಣ ಚಿಂದಿ.