ಕ್ಲಿನಿಕ್ ಬಿಡದೆ ಉನ್ನತ ಪದವಿ: ಮಲೆನಾಡಿನ ಆಕ್ಯುಪೇಷನಲ್ ಥೆರಪಿಸ್ಟ್‌ಗಳಿಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೆಲಸದಲ್ಲಿರುವ ಓಟಿಗಳು (ಆಕ್ಯುಪೇಷನಲ್ ಥೆರಪಿಸ್ಟ್‌ಗಳು) ಆನ್‌ಲೈನ್ ಪದವಿಗೆ ದುಡ್ಡು ಕಟ್ಟುವ ಮೊದಲು ಅದು ಯಾತಕ್ಕೆ ಬೇಕೆಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಕಾಲೇಜಿನಲ್ಲಿ ಪಾಠ ಮಾಡಲು ಅಥವಾ ಸರ್ಕಾರಿ ಹುದ್ದೆಗೆ ಎಂದಾದರೆ ಆನ್‌ಲೈನ್ ದಾರಿ ಹಿಡಿಯಬೇಡಿ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸಕೂಡದೆಂದು ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ತಡೆದಿದೆ. ಆಕ್ಯುಪೇಷನಲ್ ಥೆರಪಿಯ ಸ್ನಾತಕೋತ್ತರ ಪದವಿಯಾದ ಎರಡು ವರ್ಷದ ಎಂ.ಓ.ಟಿ.ಯನ್ನು ಕಾಲೇಜಿಗೆ ಹೋಗಿಯೇ ಓದಬೇಕು. ಘಟ್ಟ ಇಳಿದರೆ ಮಣಿಪಾಲದಲ್ಲಿ ಅದು ಇದೆ. ‘ಮನೆಯಲ್ಲೇ ಎಂ.ಓ.ಟಿ., ಹಾಜರಿ ಬೇಡ’ ಎಂದು ಏಜೆಂಟರು ಫೋನ್ ಮಾಡಿದರೆ ಅಲ್ಲಿಗೇ ಮಾತು ಮುಗಿಸಿ.

ಉಳಿಯುವುದು ವಿದೇಶಿ ವಿಶ್ವವಿದ್ಯಾಲಯಗಳ ಕೋರ್ಸು: ಬ್ರಿಟನ್ನಿನ ಎಂಎಸ್ಸಿ, ಅಮೆರಿಕದ ಪೋಸ್ಟ್-ಪ್ರೊಫೆಷನಲ್ ಓಟಿಡಿ (ಈಗಾಗಲೇ ಓಟಿ ಆಗಿರುವವರಿಗಾಗಿ ಇರುವ ಡಾಕ್ಟರೇಟ್). ಸಂಶೋಧನೆ ಓದಿ ತೂಗುವುದು, ಸೇವೆಯೊಂದನ್ನು ಹೊಸದಾಗಿ ಕಟ್ಟುವುದು, ಕೈ ಚಿಕಿತ್ಸೆಯಲ್ಲೋ ಮಕ್ಕಳ ವಿಭಾಗದಲ್ಲೋ ಆಳಕ್ಕಿಳಿಯುವುದು, ಇವಕ್ಕೆ ಅವು ನಿಜಕ್ಕೂ ಒಳ್ಳೆಯವು. ಅಮೆರಿಕದಲ್ಲಿ ಓಟಿ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆ ಏಕೋಟ್ (ACOTE) ಮಾನ್ಯತೆ ಕೊಡುವುದು ವೃತ್ತಿಗೆ ಹೊಸದಾಗಿ ಸೇರುವವರ ಕೋರ್ಸುಗಳಿಗೆ ಮಾತ್ರ. ಪೋಸ್ಟ್-ಪ್ರೊಫೆಷನಲ್ ಓಟಿಡಿಗೆ ನೋಡಬೇಕಾದ್ದು ವಿಶ್ವವಿದ್ಯಾಲಯಕ್ಕೇ ಇರುವ ಮಾನ್ಯತೆಯನ್ನು. ಇದನ್ನು ಮುಗಿಸಿದ ಮಾತ್ರಕ್ಕೆ ಅಲ್ಲಿ ಕೆಲಸ ಮಾಡುವ ಲೈಸೆನ್ಸ್ ಸಿಗುವುದಿಲ್ಲ. ಅದರ ದಾರಿ ಅಲ್ಲಿನ ಓಟಿ ಪ್ರಮಾಣೀಕರಣ ಮಂಡಳಿಯ ಎನ್‌ಬಿಸಿಓಟಿ ಪರೀಕ್ಷೆ, ಅದಕ್ಕೆ ಅರ್ಹತೆಯ ಪರಿಶೀಲನೆಯೇ ಬೇರೆ. ಭಾರತದಲ್ಲಿ ಓದಿ ಇಲ್ಲೇ ಕೆಲಸದಲ್ಲಿರುವವರನ್ನು ಸೇರಿಸಿಕೊಳ್ಳುತ್ತೀರಾ ಎಂದು ಪ್ರವೇಶ ವಿಭಾಗಕ್ಕೆ ಇಮೇಲ್ ಮಾಡಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಕಾಗದಪತ್ರ

ಅರ್ಜಿ ಹೆಚ್ಚಾಗಿ ನಿಲ್ಲುವುದು ಇಂಟರ್ನ್‌ಶಿಪ್ ಪತ್ರದಲ್ಲಿ. ‘ಆರು ತಿಂಗಳು ಮುಗಿಸಿದ್ದಾರೆ’ ಎಂದಷ್ಟೇ ಇದ್ದರೆ ಸಾಲದು. ಓಟಿಗಳ ವಿಶ್ವ ಒಕ್ಕೂಟ ಡಬ್ಲ್ಯುಎಫ್‌ಓಟಿ ಕನಿಷ್ಠ 1000 ಗಂಟೆಗಳ ಕ್ಲಿನಿಕಲ್ ಅಭ್ಯಾಸ ಕೇಳುತ್ತದೆ. ನರರೋಗ, ಮಕ್ಕಳು, ಕೈ, ಮಾನಸಿಕ ಆರೋಗ್ಯ ಎಂದು ವಿಭಾಗವಾರು ಗಂಟೆ ಬರೆಸಿ ವಿಭಾಗದ ಮುಖ್ಯಸ್ಥರ (ಎಚ್‌ಓಡಿ) ಸಹಿ ಹಾಕಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ‘ಎಚ್.ಎಸ್.’ ಎಂದು ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದಿದ್ದರೆ ಒಂದು ಅಫಿಡವಿಟ್ ಮೊದಲೇ ಮಾಡಿಸಿಡಿ. ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ನೇರ ಹೋಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಎಲ್ಲಕ್ಕಿಂತ ಮೊದಲು ಇದನ್ನು ಶುರುಮಾಡಿ.

ಶುಲ್ಕ ಕಳಿಸುವಾಗ ವಿದೇಶದ ದೂರಶಿಕ್ಷಣ ಕೋರ್ಸಿನ ಶುಲ್ಕ ಇದು ಎಂದು ಬ್ಯಾಂಕಿಗೆ ಸ್ಪಷ್ಟವಾಗಿ ಹೇಳಿ. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕಿನವರು ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಕಂತನ್ನು ಮಾರ್ಚ್ 31ರ ಆಚೆ ಈಚೆ ಹಂಚಿ. ಹಿಡಿದದ್ದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಹೊತ್ತು, ಮಳೆ, ಕರೆಂಟು

ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರ, ವಾರಕ್ಕೆ 1 ಗಂಟೆ ಪಾಠ, 2 ಗಂಟೆ ಓದು. 3 ಕ್ರೆಡಿಟ್ಟಿನ ಕೋರ್ಸಿಗೆ ವಾರಕ್ಕೆ 9 ಗಂಟೆ ಬೇಕಾಯಿತು. ಅದೇ ಕೋರ್ಸನ್ನು 7–8 ವಾರಕ್ಕೆ ಅಡಕಿಸಿದ್ದರೆ 18 ಗಂಟೆ. ದಿನಕ್ಕೆ ಎಂಟು ರೋಗಿಗಳನ್ನು ನೋಡುವವರು ಏಕಕಾಲಕ್ಕೆ ಇಂಥ ಎರಡು ಕೋರ್ಸು ತೆಗೆದುಕೊಂಡರೆ ಮಧ್ಯದಲ್ಲೇ ಬಿಡಬೇಕಾಗುತ್ತದೆ. ಮೊದಲ ಅವಧಿಗೆ ಒಂದೇ ಸಾಕು.

ನ್ಯೂಯಾರ್ಕಿನ ಸಂಜೆ 7ರ ಪಾಠ ನಮಗೆ ಮರುದಿನ ಬೆಳಗಿನ ಜಾವ 4:30. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 5:30. ಬ್ರಿಟನ್ನಿನ ಸಂಜೆ 6 ಎಂದರೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 10:30, ಚಳಿಗಾಲದಲ್ಲಿ 11:30. ‘ಭಾನುವಾರ ರಾತ್ರಿ 11:59’ ಎಂಬ ಗಡುವು ನ್ಯೂಯಾರ್ಕಿನದ್ದಾದರೆ ಇಲ್ಲಿ ಸೋಮವಾರ ಬೆಳಗ್ಗೆ 9:29 ಅಥವಾ 10:29, ಸರಿಯಾಗಿ ಓಪಿಡಿ ಶುರುವಾಗುವ ಹೊತ್ತು. ಹಾಗಾಗಿ ಶನಿವಾರವೇ ಸಲ್ಲಿಸಿಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ತೀರ್ಥಹಳ್ಳಿ ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಕರೆಂಟು ಹೋಗಿ ಹೊತ್ತಾದರೆ ಮೊಬೈಲ್ ಟವರೂ ಮಲಗುತ್ತದೆ. ಫೈಬರ್ ಸಂಪರ್ಕ ತೆಗೆದುಕೊಂಡು, ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡಕ್ಕೂ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿಸಿ. ಎಷ್ಟೋ ಜನ ರೂಟರಿಗಷ್ಟೇ ಹಾಕಿ, ವೈಫೈ ಇದ್ದೂ ಇಂಟರ್ನೆಟ್ ಇಲ್ಲದೆ ಪೇಚಾಡುತ್ತಾರೆ. ನೇರ ಪಾಠಕ್ಕಿಂತ ರೆಕಾರ್ಡ್ ಮಾಡಿದ ಪಾಠ ಹೆಚ್ಚಿರುವ ಕೋರ್ಸೇ ನಮಗೆ ಅನುಕೂಲ.

ಪ್ರಾಜೆಕ್ಟು

ಪದವಿಯ ತಿರುಳೇ ಇದು. ವಿಷಯಕ್ಕೆ ದೂರ ಹೋಗಬೇಕಿಲ್ಲ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗೌಡರು (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು), ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಬೆರಳು ಕೊಟ್ಟವರು ನಮ್ಮ ಕ್ಲಿನಿಕ್ಕಿನಲ್ಲೇ ಇದ್ದಾರೆ. ಅಳೆಯುವ ಸಾಧನದಲ್ಲಿ ಎಚ್ಚರ ಬೇಕು. ದಿನನಿತ್ಯದ ಕೆಲಸಗಳಲ್ಲಿ ರೋಗಿಯ ಸ್ವಾವಲಂಬನೆ ಅಳೆಯುವ ಬಾರ್ಥೆಲ್ ಸೂಚ್ಯಂಕದ 100ರಲ್ಲಿ ಸ್ನಾನಕ್ಕೆ ಸಿಗುವುದು 5 ಅಂಕ. ಹಂಡೆಯಿಂದ ಬಿಸಿನೀರು ತೋಡಿಕೊಂಡು, ಬಚ್ಚಲಲ್ಲಿ ಕುಳಿತು ಏಳುವ ಕಷ್ಟ ಅದರಲ್ಲಿ ಕಾಣಿಸುವುದೇ ಇಲ್ಲ. ಕೆನಡಾದ ಸಿಓಪಿಎಂ (COPM) ಎಂಬ ಅಳತೆ ಇಲ್ಲಿಗೆ ಹೆಚ್ಚು ಹೊಂದುತ್ತದೆ: ರೋಗಿಯೇ ತನಗೆ ಮುಖ್ಯವಾದ 5 ಕೆಲಸಗಳವರೆಗೆ ಆರಿಸಿ, ಎಷ್ಟು ಮಾಡಬಲ್ಲೆ, ಎಷ್ಟು ತೃಪ್ತಿ ಎಂದು 1ರಿಂದ 10ರಲ್ಲಿ ಹೇಳುತ್ತಾರೆ. 2 ಅಂಕದ ವ್ಯತ್ಯಾಸವನ್ನು ಅರ್ಥಪೂರ್ಣ ಬದಲಾವಣೆ ಎಂದು ಎಣಿಸುವುದು ರೂಢಿ. ನಮೂನೆಯನ್ನು ಹಣ ಕೊಟ್ಟೇ ಕೊಳ್ಳಬೇಕು, ನೆನಪಿರಲಿ.

ವಿದೇಶಿ ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಿದರೆ ಸಾಲದು. ಇಲ್ಲಿಯ ನೋಂದಾಯಿತ ಸಮಿತಿಯದ್ದೂ ಬೇಕು. ಕ್ಲಿನಿಕ್ಕಿಗೆ ಸ್ವಂತ ಸಮಿತಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಒಪ್ಪಿಗೆ ಪತ್ರ ಓದಿಸಿದರೆ ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7–12 ವರ್ಷದ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, 12–18ರವರಿಂದ ಲಿಖಿತ ಸಮ್ಮತಿ, ಜೊತೆಗೆ ಹೆತ್ತವರ ಒಪ್ಪಿಗೆ. ಚಿಕಿತ್ಸೆ ಕೊಟ್ಟು ಫಲ ನೋಡುವ ಅಧ್ಯಯನವಾದರೆ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಾಯಿಸಿ. 2018ರ ಏಪ್ರಿಲ್ 1ರಿಂದ ತಡವಾದ ನೋಂದಣಿಯನ್ನು ಅವರು ತೆಗೆದುಕೊಳ್ಳುವುದಿಲ್ಲ.

ರೋಗಿಗಳನ್ನು ಸೇರಿಸುವ ಕೆಲಸವನ್ನು ನವೆಂಬರ್‌ನಿಂದ ಜನವರಿಗೆ ಇಟ್ಟುಕೊಳ್ಳಬೇಡಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಗಾಯಾಳು ಬರುತ್ತಾರೆ, ಆದರೆ ಅವರನ್ನು ಆರು ವಾರ ತಪ್ಪದೆ ಚಿಕಿತ್ಸೆಗೆ ಕರೆತರಲು ಮನೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಫೆಬ್ರವರಿಯಿಂದ ಮೇ ಒಳಗೆ ಮುಗಿಸಿ, ಮಳೆಗಾಲವನ್ನು ಬರವಣಿಗೆಗೆ ಬಿಟ್ಟುಕೊಳ್ಳಿ.