ಸೂಪರ್‌ಮಾರ್ಕೆಟ್‌ನಲ್ಲಿ ನಾನು ಮೀನು ಆರಿಸುವ ಬಗೆ

ಸೂಪರ್‌ಮಾರ್ಕೆಟ್‌ನ ಮೀನಿನ ವಿಭಾಗದಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮೀನಿನ ಅಡಿಯಲ್ಲಿರುವ ಮಂಜುಗಡ್ಡೆಯ ಕಡೆಗೆ. ನೀರಿನಿಂದ ಹೊರತೆಗೆದ ಮೇಲೆ ಮೀನನ್ನು ಕಾಪಾಡುವುದು ತಂಪು. ಆ ತಂಪು ಒಮ್ಮೆ ತಪ್ಪಿದರೆ, ಮತ್ತೆ ಎಷ್ಟು ತಣ್ಣಗಾಗಿಸಿದರೂ ಕಳೆದುಹೋದ ತಾಜಾತನ ಮರಳುವುದಿಲ್ಲ. ಹಾಗಾಗಿ ಮಂಜುಗಡ್ಡೆ ಧಾರಾಳವಾಗಿದೆಯೇ, ಕರಗಿದ ನೀರು ಹರಿದುಹೋಗಲು ದಾರಿಯಿದೆಯೇ, ಕತ್ತರಿಸಿದ ತುಂಡುಗಳು ಆ ನೀರಿನಲ್ಲೇ ನೆನೆಯುತ್ತಿವೆಯೇ ಎಂಬುದನ್ನು ನೋಡುತ್ತೇನೆ. ಅಂಗಡಿಯವರು ಇಷ್ಟರಲ್ಲಿ ಕಾಳಜಿ ತೋರದಿದ್ದರೆ, ಕಣ್ಣಿಗೆ ಕಾಣದ ಸಾಗಣೆಯಲ್ಲಿಯೂ ಗೋದಾಮಿನಲ್ಲಿಯೂ ಕಾಳಜಿ ವಹಿಸಿದ್ದಾರೆಂದು ನಂಬುವುದು ನನಗೆ ಕಷ್ಟ.

ಇಡೀ ಮೀನು ಸಿಕ್ಕಿದರೆ ನಾನು ಅದನ್ನೇ ಕೊಳ್ಳುತ್ತೇನೆ, ಏಕೆಂದರೆ ತುಂಡು ಮಾಡಿದ ಮೀನಿಗಿಂತ ಅದರಲ್ಲಿ ಪರೀಕ್ಷಿಸಬಹುದಾದ ಗುರುತುಗಳು ಹೆಚ್ಚು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಮಂಜುಗಡ್ಡೆ ನೇರವಾಗಿ ತಾಗಿದ ಕಣ್ಣು ತಾಜಾ ಮೀನಿನಲ್ಲಿಯೂ ಮಸುಕಾಗುವುದುಂಟು. ನಾನು ಹೆಚ್ಚು ನಂಬುವುದು ಕಿವಿರನ್ನು. ಕಿವಿರಿನ ಮುಚ್ಚಳವನ್ನು ಎತ್ತಿ ತೋರಿಸುವಂತೆ ಕೌಂಟರಿನವರನ್ನು ಕೇಳುತ್ತೇನೆ. ಎಳೆಗಳು ಒಂದೊಂದಾಗಿ ಬಿಡಿಯಾಗಿ, ಕೆಂಪಾಗಿ, ತೆಳುವಾದ ತಿಳಿ ಲೋಳೆಯೊಂದಿಗೆ ಕಂಡರೆ ಮುಂದುವರಿಯುತ್ತೇನೆ; ಕಂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿಗೇ ಬಿಡುತ್ತೇನೆ. ಮಾಂಸವನ್ನು ಒತ್ತಿದಾಗ ಬೆರಳಿನ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಹೊಟ್ಟೆಯ ಭಾಗ ಒಡೆದಿರಬಾರದು.

ಎಲ್ಲಕ್ಕಿಂತ ಬೇಗ ಸತ್ಯ ಹೇಳುವುದು ವಾಸನೆ. ಸಮುದ್ರದ ಮೀನಿನ ಮಾಂಸದಲ್ಲಿ ಸಹಜವಾಗಿರುವ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಬ್ಯಾಕ್ಟೀರಿಯಾಗಳು ಟ್ರೈಮೀಥೈಲಮೀನ್ ಆಗಿ ಬದಲಿಸುತ್ತವೆ, ನಾವು ಮೀನಿನ ನಾತವೆಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಆದ್ದರಿಂದ ‘ಮೀನೆಂದ ಮೇಲೆ ನಾತ ಇದ್ದದ್ದೇ’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾಗಳ ವಿಷಯದಲ್ಲಂತೂ ಇನ್ನೂ ಬಿಗಿಯಾಗಿರುತ್ತೇನೆ. ಇವು ತಂಪಿಲ್ಲದೆ ಉಳಿದರೆ ಮಾಂಸದಲ್ಲಿ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮೀನ್ ಎಂಬ ವಸ್ತು ಸೇರಿಕೊಳ್ಳುತ್ತದೆ, ಅದು ಬೇಯಿಸಿದರೂ ಹುರಿದರೂ ನಾಶವಾಗುವುದಿಲ್ಲ. ನೋಟಕ್ಕೂ ವಾಸನೆಗೂ ಸರಿಯಾಗಿ ತೋರುವ ಮೀನಿನಲ್ಲಿಯೂ ಅದು ಇರಬಹುದಾದ್ದರಿಂದಲೇ ತಂಪಿನ ವ್ಯವಸ್ಥೆಗೆ ನಾನು ಇಷ್ಟೊಂದು ಮಹತ್ವ ಕೊಡುವುದು.

ಬಣ್ಣವನ್ನು ಮಾತ್ರ ಅಷ್ಟಾಗಿ ನೆಚ್ಚುವುದಿಲ್ಲ. ಸಾಕಿದ ಸಾಲ್ಮನ್‌ನ ಕಿತ್ತಳೆ ಬಣ್ಣ ಅದರ ಆಹಾರದಲ್ಲಿ ಸೇರಿಸಿದ ಅಸ್ಟಾಕ್ಸಾಂಥಿನ್ ಎಂಬ ಬಣ್ಣದ ವಸ್ತುವಿನಿಂದ ಬರುತ್ತದೆ, ಟ್ಯೂನಾ ತುಂಡುಗಳ ಕೆಂಪನ್ನು ಕಾರ್ಬನ್ ಮಾನಾಕ್ಸೈಡ್‌ನಿಂದ ಹಾಗೆಯೇ ಉಳಿಸುವ ಪದ್ಧತಿಯೂ ಇದೆ. ಸಿಗಡಿಯ ತಲೆಯ ಬಳಿ ಮತ್ತು ಚಿಪ್ಪಿನ ಸಂದುಗಳಲ್ಲಿ ಕಾಣುವ ಕಪ್ಪು ಕಲೆ ಅದರ ದೇಹದ ಕಿಣ್ವಗಳಿಂದಲೇ ಮೂಡುವಂಥದ್ದು. ಕಲೆ ಕಂಡ ಮಾತ್ರಕ್ಕೆ ಸಿಗಡಿ ಕೊಳೆತಿದೆ ಎನ್ನಲಾಗದು, ಆದರೆ ಹಿಡಿದು ಸ್ವಲ್ಪ ಕಾಲವಾಗಿದೆ ಎಂದು ತಿಳಿಯಬಹುದು. ಆ ಕಲೆ ಬಾರದಂತೆ ಸಲ್ಫೈಟ್ ಎಂಬ ಸಂರಕ್ಷಕವನ್ನು ಬಳಸುವುದುಂಟು. ಆಸ್ತಮಾ ಇರುವ ಕೆಲವರಿಗೆ ಅದು ಒಗ್ಗುವುದಿಲ್ಲವಾದ್ದರಿಂದ ಅಂಥವರಿರುವ ಮನೆಗೆ ಕೊಳ್ಳುವಾಗ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು. ಚಿಪ್ಪುಮೀನಿನ ಪರೀಕ್ಷೆ ಸುಲಭ: ಚಿಪ್ಪು ಮುಚ್ಚಿರಬೇಕು, ಬಾಯಿ ಬಿಟ್ಟದ್ದು ತಟ್ಟಿದಾಗ ಮುಚ್ಚಿಕೊಳ್ಳಬೇಕು.

ಕೌಂಟರಿನಲ್ಲಿ ಹರಡಿಟ್ಟದ್ದೆಲ್ಲ ಹಸಿ ಮೀನೇ ಎಂದು ನಾನು ಭಾವಿಸುವುದಿಲ್ಲ. ಎಷ್ಟೋ ಸಲ ಅದು ಶೈತ್ಯೀಕರಿಸಿ ತಂದು, ಅಂಗಡಿಯಲ್ಲಿ ಕರಗಿಸಿ ಇಟ್ಟದ್ದಾಗಿರುತ್ತದೆ. ಕೇಳಿದಾಗ ಹೌದೆಂದು ಹೇಳಿದರೆ, ಅದೇ ಜಾತಿಯದನ್ನು ಫ್ರೀಜರ್‌ನಿಂದಲೇ ತೆಗೆದುಕೊಳ್ಳುತ್ತೇನೆ. ಯಾವಾಗ ಕರಗಿಸಬೇಕೆಂಬ ನಿರ್ಧಾರ ಆಗ ನನ್ನ ಕೈಯಲ್ಲಿರುತ್ತದೆ. ಹಿಡಿದ ಕೂಡಲೇ ಹಡಗಿನಲ್ಲೇ ಶೈತ್ಯೀಕರಿಸಿದ ಮೀನು ದಿನಗಟ್ಟಲೆ ಮಂಜುಗಡ್ಡೆಯ ಮೇಲಿದ್ದ ಹಸಿ ಮೀನಿಗಿಂತ ರುಚಿಯಲ್ಲಿ ಮೇಲೆಂಬುದು ನನ್ನ ಗಟ್ಟಿ ಅಭಿಪ್ರಾಯ. ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ತೋರಿಸುತ್ತಿರಬೇಕು. ಪೊಟ್ಟಣವನ್ನು ಅಲುಗಾಡಿಸಿದಾಗ ಸಿಗಡಿಗಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಎಲ್ಲವೂ ಒಂದೇ ಮುದ್ದೆಯಾಗಿದ್ದರೆ, ಒಳಗೆ ಮಂಜಿನ ಹರಳುಗಳು ದಟ್ಟವಾಗಿ ಕಟ್ಟಿದ್ದರೆ ಅದು ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಬಿಳಿಚಿ ಒಣಗಿದ ಅಂಚುಗಳಿರುವ ತುಂಡುಗಳನ್ನೂ ಬಿಟ್ಟುಬಿಡುತ್ತೇನೆ. ಮೇಲ್ಮೈ ಒಣಗದಿರಲೆಂದು ಕೊಡುವ ಮಂಜಿನ ಲೇಪವೂ ಕೆಲವೊಮ್ಮೆ ತೂಕಕ್ಕೆ ಸೇರುವುದರಿಂದ, ಲೇಪ ಬಿಟ್ಟು ನಿವ್ವಳ ತೂಕ ಎಷ್ಟೆಂದು ನೋಡಿಯೇ ಬೆಲೆಗಳನ್ನು ಹೋಲಿಸುತ್ತೇನೆ.

ಮೀನನ್ನು ಬುಟ್ಟಿಗೆ ಹಾಕುವುದು ಉಳಿದೆಲ್ಲ ಸಾಮಾನು ಕೊಂಡ ಮೇಲೆಯೇ. ನೇರವಾಗಿ ಮನೆಗೆ ತಂದು, ಹಸಿಯದನ್ನು 4 ಡಿಗ್ರಿಗಿಂತ ಕೆಳಗೆ, ಫ್ರಿಜ್‌ನ ಅತ್ಯಂತ ತಣ್ಣನೆಯ ಭಾಗದಲ್ಲಿ ಮಂಜುಗಡ್ಡೆಯ ಮೇಲಿಟ್ಟು, ಒಂದೆರಡು ದಿನದೊಳಗೆ ಅಡುಗೆ ಮಾಡುತ್ತೇನೆ. ಗಾಳಿ ತೆಗೆದು ಮುಚ್ಚಿದ ಶೈತ್ಯೀಕರಿಸಿದ ಪೊಟ್ಟಣವಾದರೆ, ಕರಗಿಸಲು ಫ್ರಿಜ್‌ನಲ್ಲಿಡುವ ಮುನ್ನ ಅದನ್ನು ಕತ್ತರಿಸಿ ತೆರೆಯುತ್ತೇನೆ. ಗಾಳಿಯಿಲ್ಲದೆಡೆ ಬೆಳೆಯುವ, ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾದ ಒಂದು ಬಗೆ ಫ್ರಿಜ್‌ನ ತಂಪಿನಲ್ಲಿಯೂ ವಿಷ ಉತ್ಪಾದಿಸಬಲ್ಲದು.