ತಿಪ್ಪೆಗೆ ಫರ್ಸಿ ಹಾಸಿದ ಲೆಕ್ಕ

"ತಿಪ್ಪಿಗೆ ಯಾರರೆ ಫರ್ಸಿ ಹಾಸ್ತಾರೇನ್ರಿ?" ಎಂದು ನಕ್ಕವರೇ ಈಗ ಅಳತೆ ಕೇಳಲು ಬರುತ್ತಿದ್ದಾರೆ. ಗಂಜಲ ಬಾವಿಗೆ ಇಳಿಯದಿರಲೆಂದು ತಿಪ್ಪೆಯ ತಳಕ್ಕೆ ಫರ್ಸಿ (ಚಪ್ಪಟೆ ಹಾಸುಗಲ್ಲು) ಹಾಸಿದ್ದೇನೆ. ಪ್ರತಿಯೊಬ್ಬರಿಗೂ ಹೇಳುವುದಾಗದು, ಬರೆದೇಬಿಡುತ್ತೇನೆ.

ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲ. ಎಮ್ಮೆ, ದೇವಣಿ ತಳಿಯವು ಸೇರಿ 14 ದನ. ತಿಪ್ಪೆಯಿಂದ ನೂರು ಅಡಿಯೊಳಗೇ ತೆರೆದ ಬಾವಿ. ಜಂಬಿಟ್ಟಿಗೆ ತೂತುತೂತಾದ ಕಲ್ಲು, ಮೇಲೆ ನಿಂತ ಗಂಜಲ ಮಳೆಗಾಲದಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ನೈಟ್ರೇಟ್ (ಗಂಜಲ, ಸಗಣಿಯ ಸಾರಜನಕದಿಂದಾಗುವ ಲವಣ) ಎಷ್ಟಿದೆಯೆಂದು ಬಣ್ಣದಿಂದ ತೋರಿಸುವ ಪಟ್ಟಿಯನ್ನು ಬಾವಿ ನೀರಿಗೆ ಅದ್ದಿದರೆ ಲೀಟರಿಗೆ 100 ಮಿಲಿಗ್ರಾಂನ ಬಣ್ಣಕ್ಕಿಂತ ಕಡುವಾಗಿ ಬರುತ್ತಿತ್ತು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಹೆಚ್ಚುತ್ತದೆ. ಕೈಗೂಸಿಗೆ ಅಂಥ ನೀರು ಕುಡಿಸಲೇಬಾರದು.

ಮೊದಲ ಖರ್ಚು ಕೊಟ್ಟಿಗೆಯ ಚಾವಣಿಗೆ. 60×20 ಅಡಿಯ ತಗಡಿನ ಮೇಲೆ 5 ಸೆಂ.ಮೀ. ಮಳೆಯಾದರೆ ಐದೂವರೆ ಸಾವಿರ ಲೀಟರ್ ನೀರು, ಎಲ್ಲವೂ ತಿಪ್ಪೆ ತೊಳೆದುಕೊಂಡು ಹಳ್ಳಕ್ಕೆ. 6 ಇಂಚಿನ ಪಿವಿಸಿ ಪೈಪು ಮೂರು ತಂದು ಉದ್ದಕ್ಕೆ ಸೀಳಿದರೆ ಎರಡೂ ಬದಿಗೆ ಚಾವಣಿಯ ನೀರು ಹಿಡಿಯುವ ದೋಣಿಯಾಗುತ್ತದೆ. ಕ್ಲಾಂಪು ಸೇರಿ 7-8 ಸಾವಿರ. ಬರೀ ಇಷ್ಟು ಮಾಡಿದರೂ ಅರ್ಧ ಕೆಲಸ ಮುಗಿದಂತೆ.

ತಿಪ್ಪೆಯ ತಳಕ್ಕೆ ಎರೆಮಣ್ಣು ಹಾಕಿ ತುಳಿಸಿದರೆ ಸಾಕೆಂದು ಹೇಳುವವರು ಬಹಳ. ಮಳೆಗಾಲದಲ್ಲಿ ಅದು ನಿಜವೂ ಹೌದು. ಆದರೆ ಬೇಸಿಗೆಯಲ್ಲಿ ತಿಪ್ಪೆ ಖಾಲಿಯಾದ ಕೂಡಲೇ ಎರೆ ಬಿರಿಯುತ್ತದೆ, ಮೊದಲ ಮಳೆಯ ಕಪ್ಪು ನೀರೆಲ್ಲ ಆ ಬಿರುಕಿನಲ್ಲೇ ಇಳಿಯುತ್ತದೆ. ಎರೆಯ ಮೇಲೆ ಫರ್ಸಿ ಕೂರಿಸಿದ್ದೂ ಉಳಿಯಲಿಲ್ಲ: ಮಣ್ಣು ಉಬ್ಬಿ ಕುಗ್ಗಿ ಸಂದುಗಳು ಬಾಯಿಬಿಟ್ಟವು. ಎಲ್ಲ ಕಿತ್ತು 6 ಇಂಚು ಮುರುಮ (ಗರಸು ಮಣ್ಣು) ಹಾಕಿ, ನೀರು ಹೊಡೆದು ಗುದ್ದಿಸಿ, ಮೇಲೆ ಶಹಾಬಾದ್ ಫರ್ಸಿ, ಸಂದಿಗೆ 1:3 ಸಿಮೆಂಟು-ಮರಳು. 20 ಅಡಿ ಉದ್ದಕ್ಕೆ 5 ಇಂಚು ಇಳಿಜಾರು, ಸುತ್ತ 9 ಇಂಚು ಕಟ್ಟೆ. 20×12 ಅಡಿಯ ತಿಪ್ಪೆ ಎರಡು ಬೇಕು. ಒಂದು ತುಂಬಲು ಎರಡು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಇನ್ನೊಂದು ಮಾಗುತ್ತಿರುತ್ತದೆ. ಕಿತ್ತು ಹಾಕಿದ್ದನ್ನು ಬಿಟ್ಟು 45 ಸಾವಿರದ ಆಸುಪಾಸು.

14 ದನದ ಗಂಜಲ ದಿನಕ್ಕೆ 120-130 ಲೀಟರ್, ಮೋರಿಯಲ್ಲಿ ಹರಿದು ತೊಟ್ಟಿಗೆ ಬೀಳುತ್ತದೆ. ಸಗಣಿ ಬಳಿಯದೆ ಪೈಪು ಹಿಡಿದರೆ ತೊಟ್ಟಿ ಎರಡೇ ದಿನಕ್ಕೆ ಉಕ್ಕುತ್ತದೆ, ಅದಕ್ಕೇ ಮೊದಲು ನೀರು ಹಾಕದೆ ಬಳಿದು ಆಮೇಲೆ ತೊಳೆಯಬೇಕು. ದನಕ್ಕೆ ಎರಡು ಕಿಲೋದಂತೆ ತೊಗರಿ ಹೊಟ್ಟು ಕಾಲ ಕೆಳಗೆ ಹರಡಿದರೆ ಗಂಜಲ ಹೀರಿಕೊಳ್ಳುತ್ತದೆ. ಕಬ್ಬಿನ ರವದಿ (ಒಣ ಸೋಗೆ) ಕತ್ತರಿಸದೆ ಹಾಕಬೇಡಿ, ಮೋರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತೊಟ್ಟಿಯ ವಾಸನೆಗೆ ನಾನು ಹಾಕುವ ಒಂದು ಸಾಮಾನಿದೆ. ಅದನ್ನು ಬರೆಯುವುದಿಲ್ಲ, ಬಂದವರು ಮೂಗಿನಿಂದಲೇ ಕಂಡುಹಿಡಿಯಲಿ! ಸೂಪರ್ ಫಾಸ್ಫೇಟ್ ಚಿಮುಕಿಸಿಯೂ ನೋಡಿದ್ದಾಯಿತು. ಘಾಟು ತಗ್ಗಿತು, ಆದರೆ ಅದೇ ಹೊಲಕ್ಕೆ ವರ್ಷವರ್ಷ ರಂಜಕ ಕೂಡುವುದು ಬೇಡವೆಂದು ಬಿಟ್ಟೆ.

ಮಾಗಿದ ಗೊಬ್ಬರವನ್ನು ಏಪ್ರಿಲ್‌ನಲ್ಲೇ ಹರಡಿ ಬಿಡುವುದು ನಮ್ಮ ಕಡೆಯ ರೂಢಿ. ಬಿಸಿಲಿಗೆ ಸಾರಜನಕ ಹಾರುತ್ತದೆ, ಉಳಿದದ್ದು ಮೊದಲ ಜಡಿಮಳೆಗೆ ಹಳ್ಳ ಸೇರುತ್ತದೆ. ಭೂಮಿ ಒಮ್ಮೆ ನೆನೆದ ಮೇಲೆ ಎಕರೆಗೆ ಎರಡು ಟ್ರಾಲಿ ಹರಡಿ ಅಂದೇ ಹರಗಿಸಬೇಕು. ಹಳ್ಳದ ದಂಡೆಗೆ ಮೂವತ್ತು ಅಡಿ ಬಿಡುತ್ತೇನೆ. ಮಾರುವ ಗೊಬ್ಬರಕ್ಕೆ ಟ್ರಾಲಿಗೆ 500-600 ಹೆಚ್ಚು ಸಿಗುತ್ತಿದೆ, ಅದರಲ್ಲಿ ಕಲ್ಲಿಲ್ಲ, ಕಸವಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಪಟ್ಟಿಯ ಬಣ್ಣ 25 ಮತ್ತು 50ರ ನಡುವೆ ನಿಂತಿದೆ. ಪಟ್ಟಿಯನ್ನೇ ಪೂರ್ತಿ ನಂಬದೆ ಬಾಟಲಿ ಲ್ಯಾಬಿಗೆ ಕಳಿಸಿ.

ತೊಟ್ಟಿಯ ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸಿ ನೇಪಿಯರ್ ಮೇವಿನ ಹುಲ್ಲಿಗೆ ಬಿಡುತ್ತೇನೆ. ಹುಲ್ಲು ಕಪ್ಪು ಹಸಿರಾಗಿ ಏಳುತ್ತದೆ, ಆದರೆ ಆಗಲೇ ಕೊಯ್ಯಬಾರದು. ಹುಲ್ಲಿನಲ್ಲೂ ನೈಟ್ರೇಟ್ ಕೂಡಿರುತ್ತದೆ, ದನಕ್ಕೆ ವಿಷವೇರುತ್ತದೆ. ಮೂರ್ನಾಲ್ಕು ವಾರ ತಡೆದು, ಬುಡದಿಂದ ಒಂದು ಗೇಣು ಬಿಟ್ಟು ಕೊಯ್ದು, ಒಣ ಕಣಿಕೆ (ಜೋಳದ ದಂಟು) ಬೆರೆಸಿಯೇ ಹಾಕಿ.